ಉಳಿದ ಬಲ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ನಮ್ಮೂರು ಹಾಲ್ಕುರಿಕೆಗೆ ಹೋಗಿದ್ದೆ. ತಿಪಟೂರಿನ ಕಡೆಯ ಊರುಗಳನ್ನು ಬಲ್ಲವರಿಗೆ ಅಲ್ಲಿನ ಬೇಸಿಗೆಯ ಸಂಜೆಯನ್ನು ಬಣ್ಣಿಸಬೇಕಾಗಿಲ್ಲ. ಹಗಲೆಲ್ಲ ತೋಟದೊಳಗೆ ಅಡಗಿದ್ದ ತಂಪು ಹೊತ್ತಿಳಿದ ಮೇಲೆ ಬೀದಿಗೆ ಬರುತ್ತದೆ. ಅದರ ಹಿಂದೆಯೇ ಜನರೂ ಜಗಲಿಗೆ ಬರುತ್ತಾರೆ. ಆ ಸಲ ನಮ್ಮ ದೊಡ್ಡಪ್ಪನವರ ಜಗಲಿಯ ಮೇಲೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ನನ್ನ ತಂಗಿಯ ಮಗ ಬಂದಿದ್ದುದೇ ಅದಕ್ಕೆ ಕಾರಣ. ಅವನು ವಿಮಾನ ನಡೆಸುವ ವಿದ್ಯೆಯನ್ನು ಕಲಿಯುತ್ತಿದ್ದಾನೆ. ಎತ್ತಿನ ಗಾಡಿಯಿಂದ ಲಾರಿಯವರೆಗೆ ಎಲ್ಲವನ್ನೂ ಓಡಿಸಿದವರು ಆ ಜಗಲಿಯಲ್ಲಿದ್ದರು. ವಿಮಾನವನ್ನು ಮುಟ್ಟಿದವನು ಮಾತ್ರ ಅವನೊಬ್ಬನೇ.

ಪ್ರಶ್ನೆಗಳ ಮಳೆಯೇ ಸುರಿಯಿತು. ಎಷ್ಟು ಪೆಟ್ರೋಲು ಕುಡಿಯುತ್ತದೆ? ಗಾಳಿ ಜೋರಾದರೆ ಅಲ್ಲಾಡುವುದಿಲ್ಲವೆ? ಮೇಲಿನಿಂದ ನಮ್ಮ ತೋಟ ಕಾಣುತ್ತದೆಯೆ? ಕೊನೆಗೆ ಎಲ್ಲರ ಮನಸ್ಸಿನಲ್ಲಿದ್ದುದನ್ನು ದೊಡ್ಡಪ್ಪನೇ ಕೇಳಿದರು: “ಅಲ್ಲ ಮರಿ, ಮೇಲೆ ಹೋದಾಗ ಎಂಜಿನ್ನು ನಿಂತೋದ್ರೆ ಏನ್ ಮಾಡ್ತೀಯ?”

ಹುಡುಗ ಸ್ವಲ್ಪ ಯೋಚಿಸಿ ಹೇಳಿದ: “ಪೂರ್ತಿ ನಿಂತೋದ್ರೆ ಅಷ್ಟು ಕಷ್ಟ ಇಲ್ಲ ತಾತ. ಏನ್ ಮಾಡಬೇಕು ಅಂತ ಗೊತ್ತಿರುತ್ತೆ. ನಿಲ್ಲದೆ ಅರ್ಧಂಬರ್ಧ ಓಡ್ತಾ ಇದ್ರೆ ಅದೇ ದೊಡ್ಡ ಕಷ್ಟ.”

ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಿಂತ ಎಂಜಿನ್ನಿಗಿಂತ ಓಡುವ ಎಂಜಿನ್ನು ಅಪಾಯಕಾರಿ ಎಂಬ ಮಾತು ಯಾರಿಗೆ ತಾನೆ ವಿಚಿತ್ರವಾಗಿ ಕಾಣುವುದಿಲ್ಲ? ದೊಡ್ಡಪ್ಪನವರು ಮಾತ್ರ ನಗಲಿಲ್ಲ. ಅವರೇಕೆ ನಗಲಿಲ್ಲವೆಂಬುದನ್ನು ಆಮೇಲೆ ಹೇಳುತ್ತೇನೆ. ಅಂದಿನ ರಾತ್ರಿ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಮಾತಿನ ಅರ್ಥವನ್ನು ನನ್ನಂಥ ಕನ್ನಡ ಮೇಷ್ಟರಿಗೂ ತಿಳಿಯುವಂತೆ ಬಿಡಿಸಿ ಹೇಳೆಂದೆ. ಅವನು ಹೇಳಿದ್ದನ್ನೂ ಊರಿನಿಂದ ಹಿಂದಿರುಗಿದ ಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಓದುಗರ ಮುಂದಿಡುತ್ತೇನೆ.

ಕಲಿಯುವವರ ವಿಮಾನ ಬಹಳ ಸಣ್ಣದು. ಸಾಮಾನ್ಯವಾಗಿ ಗುರು ಶಿಷ್ಯರಿಬ್ಬರಿಗೂ ಸೇರಿ ಒಂದೇ ಎಂಜಿನ್ನು. ಇಂಥ ವಿಮಾನಗಳೊಡನೆ ಕನ್ನಡ ನಾಡಿನ ನಂಟು ಹಳೆಯದು. ಬೆಂಗಳೂರಿನ ಹತ್ತಿರ ಜಕ್ಕೂರಿನಲ್ಲಿ ಸರ್ಕಾರದ ವಿಮಾನ ತರಬೇತಿ ಶಾಲೆ 1949ರಲ್ಲೇ ಪ್ರಾರಂಭವಾಯಿತು. ಎರಡು ವರ್ಷದ ತರುವಾಯ, 1951ರ ಆಗಸ್ಟಿನಲ್ಲಿ, ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ತರಬೇತಿ ವಿಮಾನ ಮೊದಲ ಸಲ ಆಕಾಶಕ್ಕೇರಿತು. ಅದರ ಎಂಜಿನ್ನಿನ ಶಕ್ತಿ 155 ಅಶ್ವಬಲ. ಇಂದು ನಮ್ಮ ಬೀದಿಗಳಲ್ಲಿ ಓಡಾಡುವ ಕೆಲವು ಕಾರುಗಳಿಗೇ ಅಷ್ಟು ಬಲವಿದೆ. ಅಷ್ಟರಿಂದಲೇ ಒಂದು ತಲೆಮಾರಿನ ತರುಣರು ಹಾರುವುದನ್ನು ಕಲಿತರು.

ಈ ಬಲ ಕುಗ್ಗುವುದಕ್ಕೆ ಮಹಾ ಕಾರಣಗಳೇನೂ ಬೇಡ. ಪೆಟ್ರೋಲಿನ ತೊಟ್ಟಿಯ ತಳದಲ್ಲಿ ನಾಲ್ಕು ಹನಿ ನೀರು ಸೇರಿದರೆ ಸಾಕು. ಆದುದರಿಂದಲೇ ಹಾರುವ ಮೊದಲು ಚಾಲಕನು ತಳದಿಂದ ಸ್ವಲ್ಪ ಪೆಟ್ರೋಲನ್ನು ಪಾರದರ್ಶಕವಾದ ಬಟ್ಟಲಿಗೆ ಬಸಿದು, ಅಡಿಯಲ್ಲಿ ನೀರು ನಿಂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾನೆ. ಕಿಡಿಯನ್ನು ಒದಗಿಸುವ ಮ್ಯಾಗ್ನೆಟೊಗಳು ಎರಡಿರುತ್ತವೆ. ಒಂದು ಕೈಕೊಟ್ಟರೆ ಎಂಜಿನ್ನು ಇನ್ನೊಂದರ ಆಧಾರದ ಮೇಲೆ ಮಂಕಾಗಿ ಓಡುತ್ತದೆ. ಇದೆಲ್ಲಕ್ಕಿಂತ ನನಗೆ ಆಶ್ಚರ್ಯವಾದದ್ದು ಮಂಜುಗಡ್ಡೆಯ ವಿಚಾರ. ಪೆಟ್ರೋಲು ಆವಿಯಾಗುವಾಗಲೂ, ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗಲೂ ತಂಪು ಹುಟ್ಟುತ್ತದೆ. ಹವೆಯಲ್ಲಿ ತೇವವಿದ್ದರೆ, ಹೊರಗೆ 20 ಡಿಗ್ರಿಯ ಹಿತವಾದ ಶಾಖವಿರುವಾಗಲೂ ಕಾರ್ಬ್ಯುರೇಟರಿನೊಳಗೆ ಮಂಜು ಕಟ್ಟಬಲ್ಲುದು. ಎಂಜಿನ್ನು ಆಗ ಒಮ್ಮೆಲೆ ನಿಲ್ಲುವುದಿಲ್ಲ. ಅದರ ಉಸಿರು ಕಟ್ಟುತ್ತ ಬರುತ್ತದೆ. ಹೊರಗಿನ ಹವೆಯನ್ನು ಕಂಡು ಯಾರೂ ಅದನ್ನು ಊಹಿಸಲಾರರು.

ಎಂಜಿನ್ನು ಪೂರ್ತಿಯಾಗಿ ನಿಂತಿತೆನ್ನೋಣ. ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಚಾಲಕ ಅದರ ಮೂತಿಯನ್ನು ಬಗ್ಗಿಸಿ ವೇಗವನ್ನು ಕಾಪಾಡಿಕೊಂಡರೆ, ಒಂದು ಅಡಿ ಕೆಳಗಿಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ತೇಲುತ್ತದೆ. ಸಾವಿರ ಅಡಿ ಎತ್ತರದಲ್ಲಿದ್ದರೆ ಎರಡೂವರೆ ಕಿಲೋಮೀಟರಿನೊಳಗೆ ಸಿಕ್ಕುವ ಯಾವ ಬಯಲನ್ನಾದರೂ ಅವನು ಆರಿಸಿಕೊಳ್ಳಬಹುದು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಮೇಲೆದ್ದ ಒಂದು ತರಬೇತಿ ವಿಮಾನ, ತಾಂತ್ರಿಕ ತೊಂದರೆ ಕಾಣಿಸಿಕೊಂಡು, ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಡನೆ ಪಾರಾದರು.

ಆದರೆ ನೆಲ ಬಿಟ್ಟ ಕೂಡಲೇ, ಇನ್ನೂ ನಾಲ್ಕೈದು ನೂರು ಅಡಿಯ ಮೇಲಿರುವಾಗ, ಎಂಜಿನ್ನು ಕೈಬಿಟ್ಟರೆ? ಆಗಿನ ನಿಯಮ ಒಂದೇ: ಹಿಂದಿರುಗಬೇಡ, ಎದುರಿಗಿರುವ ನೆಲದಲ್ಲಿ ಸಿಕ್ಕಿದ್ದನ್ನು ಆರಿಸಿಕೊಂಡು ಇಳಿ. ಹೇಳುವುದು ಸುಲಭ, ಪಾಲಿಸುವುದು ಬಹು ಕಠಿಣ. ಬೆನ್ನ ಹಿಂದೆಯೇ ನುಣ್ಣಗಿನ ಓಡುದಾರಿ ಇದೆ, ಗುರುತಿನ ಜನರಿದ್ದಾರೆ. ಮುಂದೆ ಬೇಲಿ, ಬದು, ಗುಂಡಿ. ಮನಸ್ಸು ತಾನಾಗಿಯೇ ಹಿಂದಕ್ಕೆ ಎಳೆಯುತ್ತದೆ. ಆದರೆ ತಿರುಗುವುದಕ್ಕೆ ವಿಮಾನ ವಾಲಬೇಕು. ವಾಲಿದಷ್ಟೂ ಅದು ತೇಲುತ್ತಿರುವುದಕ್ಕೆ ಹೆಚ್ಚು ವೇಗ ಬೇಕು. ಎತ್ತರವನ್ನು ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗಿದರೆ, ನೇರವಾಗಿ ಹಾರುವಾಗ ಬೇಕಾದುದಕ್ಕಿಂತ ನೂರಕ್ಕೆ ಸುಮಾರು 19ರಷ್ಟು ಹೆಚ್ಚು. ಆ ವೇಗವಿಲ್ಲದಿದ್ದರೆ ರೆಕ್ಕೆ ಗಾಳಿಯ ಹಿಡಿತವನ್ನು ಕಳೆದುಕೊಳ್ಳುತ್ತದೆ. ವೇಗವನ್ನು ಉಳಿಸಿಕೊಳ್ಳಲು ಮೂತಿ ಬಗ್ಗಿಸಿದರೆ ಎತ್ತರ ಹೋಗುತ್ತದೆ. ಬೇಲಿಯಲ್ಲಿ ಇಳಿದವರು ಮೂಳೆ ಮುರಿದುಕೊಂಡು ಬದುಕಿದ್ದುಂಟು. ಹಿಂದಿರುಗಲು ಹೋಗಿ ರೆಕ್ಕೆಯ ಮೇಲೆ ಮಗುಚಿ ಬಿದ್ದವರು ಬದುಕಿದ್ದು ಅಪರೂಪ.

ಇನ್ನು ಅರ್ಧ ಬಲದ ವಿಚಾರ. ಆಸ್ಟ್ರೇಲಿಯ ದೇಶದ ಸಾರಿಗೆ ಸುರಕ್ಷತಾ ಮಂಡಳಿಯವರು 2000ದಿಂದ 2010ರವರೆಗಿನ ಲೆಕ್ಕ ಹಾಕಿದ್ದಾರೆ. ಒಂಟಿ ಎಂಜಿನ್ನಿನ ವಿಮಾನಗಳು ಮೇಲೆದ್ದ ಕೂಡಲೇ ಬಲ ಪೂರ್ತಿ ಹೋದ ಪ್ರಸಂಗಗಳು 75. ಬಲ ಭಾಗಶಃ ಕುಗ್ಗಿದ ಪ್ರಸಂಗಗಳು 242. ಪೂರ್ತಿ ಹೋದ ಆ 75ರಲ್ಲಿ ಒಂದರಲ್ಲಿಯೂ ಸಾವು ಸಂಭವಿಸಲಿಲ್ಲ. ಭಾಗಶಃ ಕುಗ್ಗಿದವುಗಳಲ್ಲಿ ಒಂಬತ್ತು ಪ್ರಸಂಗಗಳು ಸಾವಿನಲ್ಲಿ ಮುಗಿದವು. ನಮ್ಮ ಹುಡುಗ ಜಗಲಿಯ ಮೇಲೆ ಹೇಳಿದ ಮಾತು ತಮಾಷೆಯದಾಗಿರಲಿಲ್ಲ.

ಹೀಗೇಕಾಗುತ್ತದೆ? ಬಲ ಪೂರ್ತಿ ಹೋದಾಗ ಮನುಷ್ಯನಿಗೆ ಆಯ್ಕೆಯ ಕಾಟವಿಲ್ಲ. ಇಳಿಯಲೇಬೇಕು, ಉಳಿದಿರುವುದು ಎಲ್ಲಿ ಎಂಬುದಷ್ಟೆ. ಅರ್ಧ ಬಲವಿರುವಾಗ ಎಂಜಿನ್ನಿನ ಸದ್ದು ಕಿವಿಗೆ ಬೀಳುತ್ತಲೇ ಇರುತ್ತದೆ; ಆ ಸದ್ದೇ ಅವನಿಗೆ ಭರವಸೆ ಕೊಡುತ್ತದೆ. ಇನ್ನೊಂದು ಕ್ಷಣ ನೋಡೋಣ, ಸರಿಹೋದೀತು. ಮೆಲ್ಲಗೆ ತಿರುಗಿಸಿದರೆ ಮುಟ್ಟಬಹುದು. ಹೀಗೆ ಒಂದೊಂದು ಕ್ಷಣವಾಗಿ ಎತ್ತರ ಕರಗುತ್ತದೆ. ಒಳ್ಳೆಯ ಹೊಲಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಎಂಜಿನ್ನು ಕೊನೆಯ ಸಲ ಕೆಮ್ಮಿ ನಿಲ್ಲುವ ಹೊತ್ತಿಗೆ ಕೈಯಲ್ಲಿ ವೇಗವೂ ಇಲ್ಲ, ಎತ್ತರವೂ ಇಲ್ಲ, ಎದುರಿಗೆ ಹೊಲವೂ ಇಲ್ಲ.

ಇದನ್ನು ಕೇಳುತ್ತಿರುವಾಗ ನನಗೆ ನೆನಪಾದವನು ಧೃತರಾಷ್ಟ್ರ. ಮೇಷ್ಟರ ಚಾಳಿ, ಓದುಗರು ಕ್ಷಮಿಸಬೇಕು. ರನ್ನನ ದುರ್ಯೋಧನ ತಮ್ಮಂದಿರನ್ನೂ ಗೆಳೆಯ ಕರ್ಣನನ್ನೂ ಕಳೆದುಕೊಂಡು ರಣಭೂಮಿಯಲ್ಲಿ ಹೆಣಗಳನ್ನು ದಾಟುತ್ತ ನಡೆಯುವಾಗ ಅವನಲ್ಲಿ ಒಂದು ಬಗೆಯ ಸ್ಪಷ್ಟತೆ ಬಂದಿರುತ್ತದೆ. ಕಳೆದುಕೊಳ್ಳುವುದಕ್ಕೆ ಅವನಲ್ಲಿ ಇನ್ನೇನೂ ಉಳಿದಿಲ್ಲ. ಅವನ ತಂದೆಗೆ ಬದುಕಿನಲ್ಲಿ ಎಂದೂ ಆ ಸ್ಪಷ್ಟತೆ ಒದಗಲಿಲ್ಲ. ಧರ್ಮ ಯಾವುದೆಂದು ಅವನಿಗೆ ತಿಳಿಯದೇ ಇರಲಿಲ್ಲ. ಉದ್ಯೋಗಪರ್ವದಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ವಿದುರನ ನೀತಿಯನ್ನು ಕೇಳುತ್ತಾನೆ. ನೀನು ಹೇಳುವುದು ನಿಜವೆನ್ನುತ್ತಾನೆ. ಆದರೆ ದುರ್ಯೋಧನ ಹತ್ತಿರ ಬಂದೊಡನೆ ತನ್ನ ಬುದ್ಧಿ ತಿರುಗಿಬಿಡುತ್ತದೆ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಒಳ್ಳೆಯತನ ಅವನಲ್ಲಿ ಅರ್ಧ ಉಳಿದಿತ್ತು. ಪೂರ್ತಿ ಬತ್ತಿದ್ದರೆ ಊರಿನವರೆಲ್ಲ ಅವನ ಆಸೆಯನ್ನು ಬಿಟ್ಟು ಬೇರೆ ದಾರಿ ನೋಡಿಕೊಳ್ಳುತ್ತಿದ್ದರೋ ಏನೋ. ಅರ್ಧ ಉಳಿದಿದ್ದರಿಂದ ಭೀಷ್ಮ ಕಾದ, ವಿದುರ ಕಾದ, ಪಾಂಡವರೂ ಕಾದರು.

ವ್ಯಕ್ತಿಗಳಂತೆ ಸಂಸ್ಥೆಗಳೂ ಈ ಮೋಹಕ್ಕೆ ಸಿಕ್ಕುತ್ತವೆ. ಎಚ್.ಟಿ.-2ರ ಕಾಲ ಮುಗಿಯುತ್ತ ಬಂದಾಗ ಬೆಂಗಳೂರಿನಲ್ಲಿಯೇ ಎಚ್.ಪಿ.ಟಿ.-32 ಎಂಬ ಇನ್ನೊಂದು ತರಬೇತಿ ವಿಮಾನ ರೂಪುಗೊಂಡಿತು. ‘ದೀಪಕ್’ ಎಂದು ಅದರ ಹೆಸರು. 1977ರ ಜನವರಿ 6ರಂದು ಮೊದಲು ಹಾರಿದ ಅದು ಎಂಬತ್ತರ ದಶಕದಿಂದ ವಾಯುಪಡೆಯ ಮೊದಲ ಪಾಠದ ವಿಮಾನವಾಯಿತು. ಅನೇಕ ತಂಡಗಳ ಚಾಲಕರು ಅದರಲ್ಲಿ ಓನಾಮ ತಿದ್ದಿದರು. ಆದರೆ ಹಾರಾಟದ ನಡುವೆ ಎಂಜಿನ್ನು ನಿಂತುಹೋಗುವ ವ್ಯಾಧಿ ಅದನ್ನು ಬಿಡಲಿಲ್ಲ. ಪರಿಶೀಲನೆಗಳು ನಡೆದವು, ತಿದ್ದುಪಡಿಗಳಾದವು, ವಿಮಾನ ಮತ್ತೆ ಹಾರಿತು. 2009ರ ಜುಲೈ 31ರಂದು ಮೇದಕ್ ಜಿಲ್ಲೆಯಲ್ಲಿ ಒಂದು ದೀಪಕ್ ಬಿದ್ದು ಇಬ್ಬರು ಶಿಕ್ಷಕರು ತೀರಿಕೊಂಡ ಮೇಲೆ ಅವೆಲ್ಲವನ್ನೂ ನೆಲಕ್ಕಿಳಿಸಲಾಯಿತು. ಅಷ್ಟು ಹೊತ್ತಿಗೆ 17 ಅಪಘಾತಗಳಲ್ಲಿ 19 ಮಂದಿ ಪ್ರಾಣ ಕಳೆದುಕೊಂಡಿದ್ದರೆಂದು ಪತ್ರಿಕೆಗಳು ಬರೆದವು. 2013ರಲ್ಲಿ ಸ್ವಿಸ್ ದೇಶದ ಪಿಲಾಟಸ್ ವಿಮಾನಗಳು ಆ ಜಾಗಕ್ಕೆ ಬಂದವು.

ನಾನು ಯಾರ ಮೇಲೂ ದೋಷ ಹೊರಿಸಲು ಹೊರಟಿಲ್ಲ. ಅದಕ್ಕೆ ಬೇಕಾದ ತಿಳಿವೂ ನನಗಿಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಇಷ್ಟೆ. ದಿನವೂ ಕೆಡುವ ಯಂತ್ರವನ್ನು ಯಾರಾದರೂ ಮೊದಲ ವಾರವೇ ಮೂಲೆಗಿಡುತ್ತಾರೆ. ಹೆಚ್ಚು ದಿನ ಚೆನ್ನಾಗಿ ನಡೆದು ಎಲ್ಲೋ ಒಮ್ಮೊಮ್ಮೆ ಕೈಕೊಡುವ ಯಂತ್ರ ವರ್ಷಗಟ್ಟಲೆ ಉಳಿದುಬಿಡುತ್ತದೆ. ಅದು ಚೆನ್ನಾಗಿ ನಡೆದ ದಿನಗಳೇ ಅದರ ಪರವಾಗಿ ಸಾಕ್ಷಿ ಹೇಳುತ್ತವೆ.

ಈಗ ದೊಡ್ಡಪ್ಪನವರು ಏಕೆ ನಗಲಿಲ್ಲವೆಂಬುದನ್ನು ಹೇಳುತ್ತೇನೆ. ಅವರಿಗೆ ಐದು ಎಕರೆ ತೆಂಗಿನ ತೋಟವಿತ್ತು. ತೋಟಕ್ಕೆ ಒಂದು ಕೊಳವೆ ಬಾವಿ. 2016ರ ಬರದಲ್ಲಿ ಎರಡು ಇಂಚು ಬರುತ್ತಿದ್ದ ನೀರು ಒಂದು ಇಂಚಿಗೂ ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ. ಮೋಟರು ಹಾಕಿದರೆ ಸ್ವಲ್ಪ ಹೊತ್ತು ಬಂದು, ಕೆಮ್ಮಿ, ಗಾಳಿ ಉಗುಳಿ, ಮತ್ತೆ ಬರುತ್ತಿತ್ತು. ಪಕ್ಕದ ತೋಟದವರಿಗೂ ಅದೇ ಗತಿ. ಅವರು ಎದೆ ಗಟ್ಟಿ ಮಾಡಿಕೊಂಡು ಮೇಲಿನ ಎರಡು ಎಕರೆಗೆ ನೀರು ಬಿಡುವುದನ್ನೇ ನಿಲ್ಲಿಸಿದರು. ಫಲ ಕೊಡುತ್ತಿದ್ದ ಮರಗಳು ಕಣ್ಣೆದುರಿಗೇ ಒಣಗಿದವು. ಊರಿನವರು ಅವರನ್ನು ಕಟುಕರೆಂದರು.

ದೊಡ್ಡಪ್ಪನವರಿಗೆ ಅದು ಸಾಧ್ಯವಾಗಲಿಲ್ಲ. ಮರವೆಂದರೆ ಅವರಿಗೆ ಮಕ್ಕಳ ಹಾಗೆ. ಯಾರಿಗೆ ನೀರು ಬೇಡವೆನ್ನುವುದು? ಇರುವ ನೀರನ್ನು ಐದು ಎಕರೆಗೂ ಹಂಚಿದರು. ನನಗೆ ಫೋನು ಮಾಡಿ, “ಏನ್ ಮಾಡ್ಲಿ ಹೇಳಪ್ಪ, ನೀನು ಓದಿದೋನು,” ಎಂದು ಕೇಳಿದರು. ಓದಿದವನು ಹೇಳಿದ್ದೇನು? “ನೀರು ನಿಂತಿಲ್ಲವಲ್ಲ ದೊಡ್ಡಪ್ಪ. ಇನ್ನೊಂದು ಬೋರು ಕೊರೆಸೋಣ.” ಸಾಲದ ಕಾಗದಕ್ಕೆ ಜಾಮೀನು ನಿಂತು ಸಹಿ ಹಾಕಿದವನೂ ನಾನೇ. ಆ ಬೋರಿನಲ್ಲಿ ದೂಳು ಬಂತು. ಮತ್ತೊಂದು ಕೊರೆಸಿದರು, ಅದರಲ್ಲಿಯೂ ದೂಳೇ. ಈ ನಡುವೆ ಐದು ಎಕರೆಯ ಮರಗಳೂ ಅರೆಹೊಟ್ಟೆಯಲ್ಲಿದ್ದವು. ಮೊದಲು ಕುರುಂಬೆ ಉದುರಿತು, ಆಮೇಲೆ ಗರಿ ಜೋತುಬಿತ್ತು, ಕೊನೆಗೆ ಸುಳಿಯೇ ಬಿತ್ತು. ಸಾಲ ತೀರಿಸಲು ಎರಡು ಎಕರೆ ಮಾರಿದರು. ಉಳಿದ ಮೂರರಲ್ಲಿ ಒಂದರ ಮರಗಳು ಪೂರಾ ಹೋದವು. ಪಕ್ಕದ ಕಟುಕರ ಅಟ್ಟದಲ್ಲಿ ಆ ವರ್ಷವೂ ಕೊಬ್ಬರಿ ಇತ್ತು.

ಅಂದು ದೊಡ್ಡಪ್ಪನವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರು ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಸಣ್ಣದಲ್ಲ. ಬಲ ಕುಗ್ಗಿದೊಡನೆ ಇಳಿದುಬಿಡುವುದೇ ವಿವೇಕವೆಂದಾದರೆ ಜಗತ್ತಿನ ಕೆಲಸ ನಡೆಯುವುದೆಂತು? ಪೂರ್ಣ ಬಲದಿಂದ ಬದುಕುವವರು ಎಷ್ಟು ಮಂದಿ? ಕಾಯಿಲೆಯ ಮೈಯಲ್ಲಿ ಮಕ್ಕಳನ್ನು ಸಾಕಿದ ತಾಯಂದಿರಿಲ್ಲವೆ? ಅರ್ಧ ಬಲದಲ್ಲಿ ಮುಂದುವರಿಯುವುದನ್ನೇ ಅಲ್ಲವೆ ನಾವು ಧೈರ್ಯವೆಂದು ಕರೆಯುತ್ತ ಬಂದಿರುವುದು?

ನನಗೆ ಅಕ್ಷರ ಕಲಿಸಿದ ಮೇಷ್ಟರೊಬ್ಬರು ಉಬ್ಬಸದ ರೋಗಿ. ಮಳೆಗಾಲ ಬಂತೆಂದರೆ ಅವರ ದನಿ ಹೊರಡುತ್ತಿರಲಿಲ್ಲ. ಅವರು ರಜೆ ಹಾಕಿ ಮನೆಯಲ್ಲಿ ಮಲಗಲಿಲ್ಲ. ಗಂಟಲು ಹರಿದುಕೊಂಡು ಕೂಗಲೂ ಇಲ್ಲ. ಆ ತಿಂಗಳುಗಳಲ್ಲಿ ಪಾಠದ ರೀತಿಯನ್ನೇ ಬದಲಾಯಿಸುತ್ತಿದ್ದರು. ಹಲಗೆಯ ಮೇಲೆ ದುಂಡಾಗಿ ಬರೆಯುವರು. ನಮ್ಮಲ್ಲಿ ದೊಡ್ಡವನೊಬ್ಬ ಎದ್ದು ಓದಬೇಕು. ತಪ್ಪಿದಾಗ ಬೆತ್ತದಿಂದ ಮೇಜನ್ನು ಒಮ್ಮೆ ಕುಟ್ಟುವರು. ನಮಗೆ ಗಟ್ಟಿಯಾಗಿ ಓದುವ ಅಭ್ಯಾಸವಾದದ್ದು ಅವರ ಉಬ್ಬಸದಿಂದ ಎಂದರೂ ಸಲ್ಲುತ್ತದೆ.

ಈ ಮೇಷ್ಟರನ್ನೂ ನಮ್ಮ ದೊಡ್ಡಪ್ಪನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದಾಗ ನನಗೆ ವಿಷಯ ತಿಳಿಯಾಯಿತು. ಇಬ್ಬರಲ್ಲಿಯೂ ಉಳಿದಿದ್ದುದು ಅರ್ಧ ಬಲವೇ. ಇಬ್ಬರೂ ಕೆಲಸ ಬಿಡಲಿಲ್ಲ. ಒಬ್ಬರು ಉಳಿದ ಬಲವನ್ನು ಹಳೆಯ ಸ್ಥಿತಿಯನ್ನು ಹಿಡಿದು ನಿಲ್ಲಿಸುವುದಕ್ಕೆ ಸುರಿದರು. ಇನ್ನೊಬ್ಬರು ಅದೇ ಬಲದಿಂದ ತಾವು ಮುಟ್ಟಬಲ್ಲ ಬೇರೊಂದು ನೆಲೆಯನ್ನು ಹುಡುಕಿಕೊಂಡರು. ವಿಮಾನದವರೂ ಹೇಳುವುದು ಇದನ್ನೇ. ಅರ್ಧ ಬಲ ಉಳಿದಿದ್ದರೆ ಎಂಜಿನ್ನನ್ನು ಬೈದು ಆರಿಸಬೇಕಾಗಿಲ್ಲ. ಅದು ಯಾವ ಗಳಿಗೆಯಲ್ಲಾದರೂ ನಿಂತೀತೆಂದು ತಿಳಿದು, ಅದು ಓಡುವಷ್ಟು ಹೊತ್ತು ಇನ್ನೂ ಒಳ್ಳೆಯ ಹೊಲವನ್ನು ಮುಟ್ಟಲು ಅದನ್ನು ಉಪಯೋಗಿಸಿಕೋ. ಅದು ಇದೆಯೆಂದು ನಂಬಿ ಮನೆಯ ಕಡೆಗೆ ತಿರುಗಬೇಡ. ಸಾಕಷ್ಟು ಎತ್ತರವಿದ್ದರೆ ಹಿಂದಿರುಗುವುದೂ ತಪ್ಪಲ್ಲ. ಸಾಕಷ್ಟು ಎಂದರೆ ಎಷ್ಟು ಎಂಬುದನ್ನು ಮಾತ್ರ ಆ ಹೊತ್ತಿನ ಆಸೆ ಹೇಳಬಾರದು.

ಮತ್ತೆ ಯಾರು ಹೇಳಬೇಕು? ಇದಕ್ಕೆ ಅವರಲ್ಲಿ ಒಂದು ಸಂಪ್ರದಾಯವಿದೆ. ಪ್ರತಿಸಲವೂ ನೆಲ ಬಿಡುವ ಮುನ್ನ, ಎಂಜಿನ್ನು ಸೊಗಸಾಗಿ ಓಡುತ್ತಿರುವಾಗಲೇ, ಚಾಲಕ ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ: ಓಡುದಾರಿಯ ಮೇಲಿರುವಾಗ ಬಲ ಹೋದರೆ ನಿಲ್ಲಿಸುತ್ತೇನೆ, ಇಂತಿಷ್ಟು ಅಡಿಯ ಕೆಳಗೆ ಹೋದರೆ ಎದುರಿಗೇ ಇಳಿಯುತ್ತೇನೆ, ಇಂತಿಷ್ಟರ ಮೇಲಾದರೆ ಮಾತ್ರ ತಿರುಗುವ ಯೋಚನೆ. ಪಕ್ಕದಲ್ಲಿ ಗುರು ಇಲ್ಲದೆ ಒಬ್ಬನೇ ಹಾರುವಾಗಲೂ ನಮ್ಮ ಹುಡುಗ ಇದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾನಂತೆ. ಬಲವಿರುವ ಮನುಷ್ಯ ಬಲ ಕುಗ್ಗಲಿರುವ ಮನುಷ್ಯನಿಗೆ, ಅಂದರೆ ಮುಂದೆ ಬರಲಿರುವ ತನಗೇ, ಕೊಡುವ ಆಜ್ಞೆ ಅದು.

ನಮ್ಮ ಹಿರಿಯರು ವಾನಪ್ರಸ್ಥವೆಂಬ ಆಶ್ರಮವನ್ನು ಕಲ್ಪಿಸಿದ್ದರ ಹಿಂದೆಯೂ ಇಂಥದೇ ಒಂದು ತಿಳಿವಳಿಕೆ ಇದ್ದಿರಬೇಕು. ಆ ಧೃತರಾಷ್ಟ್ರನೂ ಕೊನೆಗೆ ಕಾಡಿಗೆ ಹೋದ. ಆದರೆ ಯುದ್ಧ ಮುಗಿದು ಹದಿನೈದು ವರ್ಷ ಧರ್ಮರಾಯನ ಅನ್ನ ಉಂಡು, ಭೀಮನ ಕುಹಕದ ಮಾತುಗಳನ್ನು ಕೇಳಿದ ಮೇಲೆ. ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ಮುಗಿಯುವುದರಿಂದ ನಮ್ಮ ಅನೇಕ ಓದುಗರಿಗೆ ಈ ಹದಿನೈದು ವರ್ಷಗಳ ಪರಿಚಯವಿರುವುದಿಲ್ಲ. ಅವು ಯುದ್ಧಕ್ಕಿಂತಲೂ ದಾರುಣವೆಂದು ನನಗೆ ತೋರುತ್ತದೆ.

ಇಷ್ಟೆಲ್ಲ ಬರೆಯುವವನ ಸ್ಥಿತಿ ಹೇಗಿದೆ ಎಂದು ಓದುಗರು ಕೇಳಬಹುದು. ಕೆಲಸಕ್ಕೆ ಸೇರಿದ ವರ್ಷ ಉತ್ಸಾಹದಿಂದ ಬರೆದುಕೊಂಡ ಟಿಪ್ಪಣಿಗಳಿಂದಲೇ ನಾನು ಈಗಲೂ ಪಾಠ ಮಾಡುತ್ತೇನೆ, ಕಾಗದ ಹಳದಿಯಾಗಿದೆ. ಪಾಠವೇನೂ ನಿಂತಿಲ್ಲ. ಹಿಂದಿನ ಬೆಂಚಿನವರು ಕಿಟಕಿಯ ಕಡೆಗೆ ನೋಡುತ್ತಿರುವುದು ಮಾತ್ರ ಈಚೆಗೆ ನನ್ನ ಕಣ್ಣಿಗೆ ಬೀಳತೊಡಗಿದೆ.

ಊರು ಬಿಡುವ ಹಿಂದಿನ ಸಂಜೆ ನಾವು ಮೂವರೂ ಕೆರೆಯ ಏರಿಯ ಮೇಲೆ ನಡೆದು ಹೋದೆವು. ದೊಡ್ಡಪ್ಪನವರು ನಿಂತು ಸುತ್ತಲೂ ಕೋಲು ತೋರಿಸಿ, “ಇಲ್ಲಿ ಮೇಲಿಂದ ಬಂದೆ ಅನ್ನು. ಎಂಜಿನ್ನು ಕೈಕೊಡ್ತು. ಎಲ್ಲಿ ಇಳೀತೀಯ?” ಎಂದು ಕೇಳಿದರು.

ಹುಡುಗ ಕಣ್ಣು ಕಿರಿದು ಮಾಡಿ ನೋಡಿದ. “ತೋಟದಲ್ಲಿ ಆಗಲ್ಲ ತಾತ. ಮೇಲಿಂದ ಹಸಿರು ಚಾಪೆ ಥರ ಕಾಣುತ್ತೆ, ಕೆಳಗೆಲ್ಲ ಕಂಬವೇ. ಸ್ಕೂಲ್ ಮೈದಾನ ಸಣ್ಣದು, ಮಕ್ಕಳಿರ್ತಾರೆ. ಕೆರೆಯಂಗಳ ಒಣಗಿದೆಯಲ್ಲ, ಅಲ್ಲೇ.”

“ನೀರು ಬಂದಿದ್ರೆ?”

“ಆಗ ಆಚೆ ರಾಗಿ ಹೊಲ. ಕೂಳೆ ಮೇಲೆ ಇಳಿಸಬಹುದು.”

ದೊಡ್ಡಪ್ಪನವರು ಬಹಳ ಹೊತ್ತು ತಮ್ಮ ತೋಟದ ಕಡೆಗೇ ನೋಡುತ್ತ ನಿಂತರು. ಆಮೇಲೆ ನನ್ನತ್ತ ತಿರುಗಿ, “ಪಡುವಣ ಸಾಲಿನ ಹತ್ತು ಮರ ತೆಗೆಸಿಬಿಡಾಣ ಕಣೋ. ಇರೋ ನೀರು ಮಿಕ್ಕಿದ್ದಕ್ಕೆ ಸರಿಹೋಗುತ್ತೆ,” ಎಂದರು. ಆ ಮರಗಳಲ್ಲಿ ಇನ್ನೂ ಹೊಂಬಾಳೆ ಇತ್ತು. ಅದು ನನಗೂ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು.

ಈ ಸಲ ನಾನು, ಆಳುಗಳನ್ನು ಯಾವತ್ತು ಬರಹೇಳಲಿ ಎಂದಷ್ಟೇ ಕೇಳಿದೆ.